ಮದುವೆಯಾದದ್ದು ಊರಿನಲ್ಲಿ, ಮಗು ಇರುವುದು ಇಲ್ಲಿ

ಹೊರನಾಡ ಕನ್ನಡಿಗರಾದ ನಾವು ಊರನ್ನು ಬಿಟ್ಟು ಬಂದರೂ ಊರು ನಮ್ಮನ್ನು ಬಿಟ್ಟಿಲ್ಲವೆಂದು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಮದುವೆಗೆ ಊರು ಬೇಕು, ನಾಗನ ತನು ತಂಬಿಲಕ್ಕೆ ಊರು ಬೇಕು, ಮಕ್ಕಳ ಬೇಸಗೆ ರಜೆಗೆ ಊರು ಬೇಕು. ಇದರಲ್ಲಿ ಆಕ್ಷೇಪಿಸುವಂಥದೇನೂ ಇಲ್ಲ. ಆದರೆ ಮುಂಬಯಿಯಲ್ಲಿ ಕಟ್ಟಿದ ಸಂಸಾರ ಮುಂಬಯಿಯಲ್ಲಿಯೇ ಮುರಿದು ಬಿದ್ದಾಗಲೂ ನಮ್ಮವರು ಊರಿಗೇ ಧಾವಿಸುತ್ತಾರೆ. ನೆಂಟಸ್ತಿಕೆಯ ವಕೀಲರನ್ನು ಹುಡುಕಿ ವಕಾಲತ್ತಿಗೆ ಸಹಿ ಹಾಕಿ ಮರಳುತ್ತಾರೆ. ಇದನ್ನು ಊರಿನ ಮೇಲಿನ ಪ್ರೀತಿಯೆಂದು ಬಗೆಯುವುದು ಆತ್ಮವಂಚನೆ. ಬಹುತೇಕ ಸಂದರ್ಭಗಳಲ್ಲಿ ಇದು ಎದುರಾಳಿಯನ್ನು ದಣಿಸಿ ಮಣಿಸುವ ಉಪಾಯ. ಅದರ ಬೆಲೆಯನ್ನು ತೆರುವುದು ಗಂಡನೂ ಅಲ್ಲ, ಹೆಂಡತಿಯೂ ಅಲ್ಲ, ಮಗು.

ಈ ಉಪಾಯಕ್ಕೆ ಕಾನೂನೇ ಬಾಗಿಲು ತೆರೆದಿಟ್ಟಿದೆ. 1955ರ ಹಿಂದೂ ವಿವಾಹ ಕಾಯಿದೆಯ 19ನೆಯ ಕಲಮಿನಂತೆ, ವಿವಾಹ ನಡೆದ ಸ್ಥಳದ ನ್ಯಾಯಾಲಯದಲ್ಲಿಯೂ ವಿಚ್ಛೇದನೆಯ ಅರ್ಜಿ ಹಾಕಬಹುದು. ನಮ್ಮವರ ಮದುವೆಗಳು ಹೆಚ್ಚಾಗಿ ಊರಿನ ಸಭಾಭವನಗಳಲ್ಲಿ ನಡೆಯುವಂಥವು. ಹೀಗಾಗಿ ದಂಪತಿಗಳು ಹದಿನೈದು ವರ್ಷ ಘಾಟ್ಕೋಪರದಲ್ಲಿ ಬಾಳಿದ್ದರೂ ಕುಂದಾಪುರದಲ್ಲಿಯೋ ಕಾರ್ಕಳದಲ್ಲಿಯೋ ಮೊಕದ್ದಮೆ ಹೂಡಲು ಅಡ್ಡಿಯಿಲ್ಲ. ಮಗುವಿನ ಮಾತು ಹಾಗಲ್ಲ. 1890ರ ಪೋಷಕರ ಮತ್ತು ಪಾಲ್ಯರ ಕಾಯಿದೆ, ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯವನ್ನೇ ನೋಡುತ್ತದೆ. ಕ್ರೈಸ್ತ, ಮುಸಲ್ಮಾನ ಕನ್ನಡಿಗರ ವಿವಾಹದ ಕಾನೂನು ಬೇರೆಯಾದರೂ ಈ ಕಾಯಿದೆ ಅವರಿಗೂ ಅನ್ವಯಿಸುತ್ತದೆ. ಹೀಗೆ ಮದುವೆಯ ವ್ಯಾಜ್ಯ ಊರಿಗೆ, ಮಗುವಿನ ವ್ಯಾಜ್ಯ ಇಲ್ಲಿಗೆ. ಒಂದೇ ಮನೆಯ ದುಃಖಕ್ಕೆ ಎರಡು ರಾಜ್ಯಗಳು, ಎರಡು ಕಡತಗಳು.

ಇದರ ಪರಿಣಾಮವನ್ನು ಊಹಿಸಲು ಕಾನೂನು ಓದಿರಬೇಕಾಗಿಲ್ಲ. ಇಲ್ಲಿ ದುಡಿಯುತ್ತಾ ಮಗುವನ್ನು ಶಾಲೆಗೆ ಕಳುಹಿಸುತ್ತಿರುವ ತಾಯಿ ಪ್ರತಿ ವಾಯಿದೆಗೂ ರಜೆ ಹಾಕಿ ರೈಲು ಹತ್ತಬೇಕು. ಅಲ್ಲಿ ಮುಟ್ಟಿದಾಗ ತಿಳಿಯುವುದು, ಮೊಕದ್ದಮೆ ಮುಂದೂಡಲಾಗಿದೆಯೆಂದು. ಒಂದು ರಾಜ್ಯದ ನ್ಯಾಯಾಲಯದಿಂದ ಇನ್ನೊಂದು ರಾಜ್ಯಕ್ಕೆ ಇಂಥ ಮೊಕದ್ದಮೆಯನ್ನು ವರ್ಗಾಯಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೆಯ ಕಲಮಿನಡಿ ಸರ್ವೋಚ್ಚ ನ್ಯಾಯಾಲಯಕ್ಕೇ ಹೋಗಬೇಕು. ಭಾಂಡುಪಿನ ಗೃಹಿಣಿ ಕುಂದಾಪುರದ ದಾವೆಯಿಂದ ಪಾರಾಗಲು ದಿಲ್ಲಿಯಲ್ಲಿ ವಕೀಲರನ್ನು ಹಿಡಿಯಬೇಕಾದ ಈ ವಿಪರ್ಯಾಸಕ್ಕೆ ನಾವು ಇಟ್ಟಿರುವ ಹೆಸರು ‘ಊರಿನ ನ್ಯಾಯ’!

‘ನಮ್ಮ ವಕೀಲ ನಮ್ಮ ಭಾಷೆಯವನು, ಅವನಿಗೆ ನಮ್ಮ ಕಷ್ಟ ಅರ್ಥವಾಗುತ್ತದೆ’ ಎಂಬುದು ಮೊದಲ ಸಮರ್ಥನೆ. ಇದರಲ್ಲಿ ತಥ್ಯವಿದೆ. ದಾಂಪತ್ಯದ ನೋವನ್ನು ಪರಭಾಷೆಯಲ್ಲಿ ಹೇಳುವಾಗ ಅರ್ಧ ನೋವು ಹೊರಗೇ ಉಳಿಯುತ್ತದೆ. ಆದರೆ ಕನ್ನಡ ಬಲ್ಲ ವಕೀಲರು ಬೇಕಾದರೆ ಮುಂಬಯಿಯಲ್ಲಿಯೇ ಹುಡುಕಬೇಕು; ಇಲ್ಲಿಯ ರಾತ್ರಿಶಾಲೆಗಳಲ್ಲಿ ಓದಿ ಕರಿಕೋಟು ತೊಟ್ಟ ಕನ್ನಡಿಗರಿದ್ದಾರೆ. ಊರಿನ ವಕೀಲರು ಇಲ್ಲಿ ವಾದಿಸಬಾರದೆಂದೇನೂ ಇಲ್ಲ. ವಕೀಲರ ಕಾಯಿದೆಯ 30ನೆಯ ಕಲಮು 2011ರಲ್ಲಿ ಜಾರಿಗೆ ಬಂದಂದಿನಿಂದ ದೇಶದ ಯಾವ ನ್ಯಾಯಾಲಯದಲ್ಲಾದರೂ ವೃತ್ತಿ ನಡೆಸುವ ಹಕ್ಕು ಅವರಿಗಿದೆ. ಹಕ್ಕು ಇರುವುದು ಬೇರೆ, ವಾಯಿದೆಯ ದಿನ ಹಾಜರಿರುವುದು ಬೇರೆ.

ಬಾಂದ್ರಾದಲ್ಲಿ ಕೌಟುಂಬಿಕ ನ್ಯಾಯಾಲಯ 1989ರಿಂದ ಕೆಲಸ ಮಾಡುತ್ತಿದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯಂತೆ ಅಲ್ಲಿ ಮೊದಲು ನಡೆಯಬೇಕಾದದ್ದು ರಾಜಿಯ ಯತ್ನ. ಕಕ್ಷಿದಾರರು ಸಮಾಲೋಚಕರ ಮುಂದೆ ತಾವೇ ಕುಳಿತು ಮಾತನಾಡಬೇಕು. ವಕೀಲರನ್ನು ಹಕ್ಕಿನಿಂದ ಕರೆತರುವಂತೆಯೂ ಇಲ್ಲ, ನ್ಯಾಯಾಲಯದ ಅನುಮತಿ ಬೇಕು. ‘ಹಾಗಾದರೆ ವಕೀಲರೇಕೆ?’ ಎನ್ನುವವರುಂಟು. ಅರ್ಜಿಯಲ್ಲಿ ಬರೆಯದೆ ಬಿಟ್ಟದ್ದನ್ನು ಮುಂದೆ ಬಾಯಲ್ಲಿ ಹೇಳಿ ಫಲವಿಲ್ಲ ಎಂಬುದನ್ನು ಅವರು ಮರೆಯುತ್ತಾರೆ. ಜೀವನಾಂಶದ ವ್ಯಾಜ್ಯಗಳಲ್ಲಿ ಉಭಯ ಪಕ್ಷಗಳೂ ಆಸ್ತಿ, ಆದಾಯ, ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ವಿಧಿಸಿತು. ಅದನ್ನು ಸರಿಯಾಗಿ ಬರೆಸುವುದು, ದೀಪಾವಳಿ ರಜೆಯಲ್ಲಿ ಮಗು ಯಾರೊಡನೆ ಇರಬೇಕೆಂಬ ಮಧ್ಯಂತರ ಆದೇಶವನ್ನು ರಜೆ ಮುಗಿಯುವ ಮೊದಲೇ ಪಡೆಯುವುದು, ಮಗುವಿನ ಭೇಟಿಗೆ ಎದುರು ಪಕ್ಷ ಬಾರದಿದ್ದರೆ ಆ ವಾರವೇ ನ್ಯಾಯಾಧೀಶರ ಗಮನಕ್ಕೆ ತರುವುದು: ಇವು ಆ ನ್ಯಾಯಾಲಯದ ಮೆಟ್ಟಿಲನ್ನು ದಿನವೂ ತುಳಿಯುವವರ ಕೆಲಸ. ದೂರದಿಂದ ಫೋನು ಮಾಡಿ ನಡೆಸುವಂಥದಲ್ಲ.

ಎರಡನೆಯ ಸಮರ್ಥನೆ ಮರ್ಯಾದೆಯದು. ಮನೆಯ ಮಾತು ಬೀದಿಗೆ ಬರಬಾರದೆಂದು ಹಿರಿಯರು ಗಂಡು ಹೆಣ್ಣಿನ ಕಡೆಯವರನ್ನು ಕೂಡಿಸಿ, ಛಾಪಾ ಕಾಗದದ ಮೇಲೆ ಬಿಡುಗಡೆ ಬರೆಸಿ, ಮಗುವನ್ನು ಒಬ್ಬರಿಗೆ ಒಪ್ಪಿಸಿ, ಕಾಫಿ ಕುಡಿದು ಏಳುತ್ತಾರೆ. ಸಿದ್ಧವಾಗಬಲ್ಲ ರೂಢಿ ಆ ಸಮುದಾಯದಲ್ಲಿ ಇದ್ದ ಹೊರತು ಆ ಕಾಗದ ವಿಚ್ಛೇದನೆಯಾಗದು. ಅದನ್ನು ನಂಬಿ ಮರುಮದುವೆಯಾದರೆ ಆ ಎರಡನೆಯ ಮದುವೆ ಕಾನೂನಿನ ಕಣ್ಣಿನಲ್ಲಿ ಶೂನ್ಯ. ಇಬ್ಬರೂ ಒಪ್ಪಿದ್ದರೆ 13ಬಿ ಕಲಮಿನ ನೇರ ದಾರಿಯಿದೆ. ಅದರ ಆರು ತಿಂಗಳ ಕಾಯುವಿಕೆಯನ್ನೂ ತಕ್ಕ ಸಂದರ್ಭದಲ್ಲಿ ನ್ಯಾಯಾಲಯ ಮನ್ನಿಸಬಹುದೆಂದು 2017ರಲ್ಲಿ ತೀರ್ಪಾಗಿದೆ. ವಿಚ್ಛೇದನೆ ನಮ್ಮ ಸಂಸ್ಕೃತಿಗೆ ಹೊರಗಿನದೆನ್ನುವ ಕರಾವಳಿಯ ಹಿರಿಯರು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯಲ್ಲಿಯೇ ವಿವಾಹ ವಿಸರ್ಜನೆಗೆ ಅವಕಾಶವಿತ್ತೆಂಬುದನ್ನು ನೆನೆಯಲಿ.

ನಮ್ಮ ವಾದ ಮುಂಬಯಿಯ ಪಕ್ಷಪಾತವಲ್ಲ. ಹೆಂಡತಿ ಮಗುವಿನೊಂದಿಗೆ ತವರು ಸೇರಿ ಅಲ್ಲಿಯೇ ನೆಲೆಸಿದ್ದರೆ, ತಾನು ವಾಸಿಸುವಲ್ಲಿ ಅರ್ಜಿ ಹಾಕುವ ಅವಕಾಶವನ್ನು 2003ರ ತಿದ್ದುಪಡಿ ಆಕೆಗೆ ಕೊಟ್ಟಿದೆ. ಆಗ ಊರಿನ ವಕೀಲರೇ ಸ್ಥಳೀಯರು. ಗಂಡನು ಅಲ್ಲಿಯವರನ್ನೇ ನೇಮಿಸಿಕೊಳ್ಳಬೇಕು. ಡೊಂಬಿವಲಿಯವರಿಗೆ ಬಾಂದ್ರಾ ಕೂಡ ಪರಸ್ಥಳವೇ, ಅವರದು ಠಾಣೆ ಜಿಲ್ಲೆ. ಸೂತ್ರ ಒಂದೇ: ಮಗು ಎಲ್ಲಿಯೋ ವಕೀಲರು ಅಲ್ಲಿ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿಯಿರಬೇಕೆಂದು ಹೇಳುವ 1956ರ ಕಾಯಿದೆಯೇ ಮಗುವಿನ ಕ್ಷೇಮವೇ ಪರಮವೆಂದೂ ಸಾರಿದೆ. ಆ ಕ್ಷೇಮಕ್ಕೆ ಸಾಕ್ಷಿ ಹೇಳುವ ಶಿಕ್ಷಕಿ, ವೈದ್ಯ, ನೆರೆಯವರು ಮಗುವಿರುವಲ್ಲಿಯೇ ಇರುತ್ತಾರೆ.

ಸ್ಥಳೀಯರೆಂದ ಮಾತ್ರಕ್ಕೆ ಎಲ್ಲರೂ ಯೋಗ್ಯರಲ್ಲ. ವಾಯಿದೆಗೆ ಸ್ವತಃ ನಿಲ್ಲುವಿರೋ ಕಿರಿಯರನ್ನು ಕಳುಹಿಸುವಿರೋ ಎಂದು ಮೊದಲೇ ಕೇಳಿ. ಶುಲ್ಕವನ್ನು ಬರಹದಲ್ಲಿ ಪಡೆಯಿರಿ. ಗೆದ್ದು ಬಂದ ಹಣದಲ್ಲಿ ಪಾಲು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಸಲ್ಲಿಸಿದ ಪ್ರತಿಯೊಂದು ಪತ್ರದ ನಕಲು ನಿಮ್ಮ ಬಳಿಯಿರಲಿ. ವಕೀಲರನ್ನು ಬದಲಿಸಿದರೆ, ಶುಲ್ಕ ಬಾಕಿಯಿದೆಯೆಂದು ಹಳಬರು ಕಡತವನ್ನು ತಡೆಹಿಡಿಯುವಂತಿಲ್ಲ. ಸರ್ವೋಚ್ಚ ನ್ಯಾಯಾಲಯ 2000ದಲ್ಲಿಯೇ ಇದನ್ನು ಸ್ಪಷ್ಟಪಡಿಸಿದೆ. ‘ತಿಂಗಳಲ್ಲಿ ಮಗುವನ್ನು ಕೊಡಿಸುತ್ತೇನೆ’ ಎನ್ನುವವರ ಕಚೇರಿಯಿಂದ ಕೂಡಲೇ ಎದ್ದು ಬನ್ನಿ. ಹಣವಿಲ್ಲದ ಹೆಣ್ಣುಮಕ್ಕಳು ತಿಳಿಯಬೇಕಾದದ್ದು: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಉಚಿತ ವಕೀಲರನ್ನು ಪಡೆಯಲು ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲ.

ಕೊನೆಯ ಮಾತು ನಮ್ಮ ಸಂಘಗಳಿಗೆ. ವಧೂವರರ ಸಮಾವೇಶಕ್ಕೆ ಸಭಾಗೃಹ ಕೊಡುವ ನಾವು, ಅಲ್ಲಿ ಕೂಡಿದ ಸಂಬಂಧ ಮುರಿದಾಗ ಮುಖ ತಿರುಗಿಸುವುದು ಯಾವ ನೀತಿ? ತಿಂಗಳಿಗೊಂದು ಭಾನುವಾರ ಇಲ್ಲಿಯ ಕನ್ನಡ ವಕೀಲರಿಬ್ಬರನ್ನು ಸಂಘದ ಕೋಣೆಯಲ್ಲಿ ಕೂಡಿಸೋಣ. ಮರಾಠಿಯ ನೋಟಿಸನ್ನು ಓದಲಾರದ ಸೋದರಿಗೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳೋಣ. ಸನ್ಮಾನ ಸಮಾರಂಭದ ಒಂದು ಶಾಲಿನ ಖರ್ಚೂ ಇದಕ್ಕೆ ತಗಲದು. ಮದುವೆ ಊರಿನಲ್ಲಿ ನಡೆಯಲಿ, ಸಂತೋಷ. ನಾಳೆ ಬೆಳಿಗ್ಗೆ ಪಾಟಿಚೀಲ ಹೊತ್ತು ಇಲ್ಲಿಯ ಶಾಲೆಗೆ ಹೊರಡಬೇಕಾದ ಮಗುವಿನ ನ್ಯಾಯ ಮಾತ್ರ ಇಲ್ಲಿಯೇ ನಡೆಯಬೇಕು.