ಕನಕಾಂಬರದ ಬಣ್ಣ ಎಲ್ಲೋಯ್ತು?

ಹೋದ ಸೆಮಿಸ್ಟರ್ ರಜೆಯಲ್ಲಿ ಸೀನಿಯರ್ ಒಬ್ಬರ ಫ್ಯೂಜಿಫಿಲ್ಮ್ ಎಕ್ಸ್100ವಿ ಎರಡು ದಿನಕ್ಕೆ ನನ್ನ ಕೈಗೆ ಸಿಕ್ಕಿತ್ತು. "ಬೀಳಿಸಿದ್ರೆ ಕಿಡ್ನಿ ಮಾರ್ಬೇಕಾಗುತ್ತೆ ನೋಡು" ಅಂತ ಹೇಳಿಯೇ ಕೊಟ್ಟಿದ್ದರು. ಬೆಳಿಗ್ಗೆ ಎದ್ದವನೇ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋದೆ. ಕ್ಯಾಮೆರಾದಲ್ಲಿ 'ಕ್ಲಾಸಿಕ್ ಕ್ರೋಮ್' ಸೆಟ್ ಮಾಡಿಕೊಂಡೆ. ಇನ್‌ಸ್ಟಾದಲ್ಲಿ ಎಲ್ಲರೂ ಮಾಡೋದು ಅದನ್ನೇ ತಾನೇ?

ಹೂವು ಕಟ್ಟುತ್ತಿದ್ದ ಅಜ್ಜಿಯೊಬ್ಬರನ್ನು ಕೇಳಿ ಫೋಟೋ ತೆಗೆದೆ. ಸ್ಕ್ರೀನ್ ನೋಡಿ ನನಗೇ ಖುಷಿಯಾಯ್ತು. ಮಾಸಿದ ಬಣ್ಣ, ಗಾಢ ನೆರಳು, ಥೇಟ್ ಹಳೇ ಪತ್ರಿಕೆಯ ಪುಟ. ಹೆಮ್ಮೆಯಿಂದ ಅಜ್ಜಿಗೂ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, "ಕನಕಾಂಬರದ ಬಣ್ಣ ಎಲ್ಲೋಯ್ತು ಮಗಾ? ಬಾಡೋಗಿರೋ ಹೂವ ಮಾರ್ತೀನಾ ನಾನು?" ಅಂದ್ರು.

ನನ್ನ ಹತ್ರ ಉತ್ತರ ಇರಲಿಲ್ಲ.

ಈ ಕ್ಯಾಮೆರಾಗಳ ಮೇಲೆ ನನಗೇನೂ ಸಿಟ್ಟಿಲ್ಲ. 2011ರಲ್ಲಿ ಮೊದಲ ಎಕ್ಸ್100 ಬಂದಾಗಿನಿಂದ 2024ರ ಎಕ್ಸ್100 ಸಿಕ್ಸ್‌ವರೆಗೆ ಮೂಲ ವಿನ್ಯಾಸ ಒಂದೇ: ಜೂಮ್ ಇಲ್ಲದ, ಬದಲಿಸಲಾಗದ ಒಂದೇ ಲೆನ್ಸ್. ಹತ್ತಿರದ ಫೋಟೋ ಬೇಕಾದ್ರೆ ಕಾಲಲ್ಲಿ ನಡೆದೇ ಹೋಗಬೇಕು. ಹತ್ತಿರ ಹೋದ್ರೆ ಮಾತಾಡಬೇಕು. ಬೀದಿ ಛಾಯಾಗ್ರಹಣಕ್ಕೆ ಇದಕ್ಕಿಂತ ಒಳ್ಳೇ ಮೇಷ್ಟ್ರು ಇಲ್ಲ. ಒಂದೂವರೆ ಲಕ್ಷ ದಾಟುವ ಬೆಲೆಯ ಮಾತು ಬಿಡಿ, ಅದು ನಮ್ಮ ಅಪ್ಪಂದಿರ ಹತ್ರ ಆಡುವಂಥದ್ದಲ್ಲ!

ನನ್ನ ತಕರಾರು 'ಫಿಲ್ಮ್ ಲುಕ್' ಅನ್ನೋ ಮಾತಿನ ಬಗ್ಗೆ. ಬಣ್ಣ ಮಾಸಿದ್ರೆ ಅದು ಫಿಲ್ಮ್, ಫಿಲ್ಮ್ ಅಂದ್ರೆ ಸತ್ಯ, ಉಳಿದದ್ದೆಲ್ಲ ಪ್ಲಾಸ್ಟಿಕ್ ಅಂತ ನಾವು ನಂಬಿಬಿಟ್ಟಿದ್ದೀವಿ. ಆದರೆ ಕ್ಲಾಸಿಕ್ ಕ್ರೋಮ್ ಅನ್ನೋದು ಅದೇ ಹೆಸರಿನ ಯಾವುದೋ ಹಳೇ ರೋಲಿನ ನಕಲಲ್ಲ. 2014ರಲ್ಲಿ ಡಿಜಿಟಲ್ ಕ್ಯಾಮೆರಾಗೆಂದೇ ಬಂದ ಸೆಟ್ಟಿಂಗ್ ಅದು. ಇದೇ ಕಂಪನಿ 1990ರಲ್ಲಿ ತಂದ ವೆಲ್ವಿಯಾ ನಿಜವಾದ ಫಿಲ್ಮ್. ಅದು ಹೆಸರಾಗಿದ್ದೇ ಹಸಿರು, ಕೆಂಪನ್ನು ಕಣ್ಣಿಗೆ ಹೊಡೆಯುವಂತೆ ತೋರಿಸಿದ್ದಕ್ಕೆ. ಅಂದ್ರೆ ಫಿಲ್ಮ್‌ಗೆ ಒಂದೇ ಬಣ್ಣ ಅಂತ ಯಾವತ್ತೂ ಇರಲಿಲ್ಲ. ನಮ್ಮಮ್ಮನ ಮದುವೆ ಆಲ್ಬಮ್ ತೆಗೆದು ನೋಡಿದೆ. ಧಾರೆ ಸೀರೆ ಇವತ್ತಿಗೂ ಕೆಂಪಗೆ ಉರೀತಿದೆ.

"ಎಲ್ಲಾ ಕ್ಯಾಮೆರಾನೂ ಸುಳ್ಳೇ ಹೇಳುತ್ತೆ ಕಣೋ" ಅಂತ ನನ್ನ ರೂಮ್‌ಮೇಟ್ ವಾದಿಸಿದ. ಒಪ್ಪಿದೆ. ಸೆನ್ಸರ್ ಅಳೆಯೋದು ಬೆಳಕಿನ ಪ್ರಮಾಣ ಮಾತ್ರ. ಬಣ್ಣ ಹುಟ್ಟೋದು ಫಿಲ್ಟರ್, ವೈಟ್ ಬ್ಯಾಲೆನ್ಸ್, ಟೋನ್ ಕರ್ವ್‌ಗಳ ಲೆಕ್ಕಾಚಾರದಲ್ಲಿ. ಫೋನಿನ 'ನ್ಯಾಚುರಲ್' ಕೂಡ ಯಾರೋ ಇಂಜಿನಿಯರ್ ಕೂತು ಮಾಡಿದ ತೀರ್ಮಾನವೇ. ಆದ್ದರಿಂದಲೇ ಯಾವ ಸೆಟ್ಟಿಂಗ್ ಅನ್ನೋದು ಬರೀ ರುಚಿಯ ಪ್ರಶ್ನೆಯಲ್ಲ. ಇಡೀ ದಿನ ಬಣ್ಣವನ್ನೇ ಮಾರಿ ಬದುಕುವವರ ಬಣ್ಣ ಕಿತ್ತು, ಅವರನ್ನು ಯಾವುದೋ ಕಾಲದ ಪಳೆಯುಳಿಕೆಯಂತೆ ತೋರಿಸಿ ಲೈಕ್ ಎಣಿಸಿದರೆ, ಅದು ನಾವು ಅವರ ಬಗ್ಗೆ ಆಡಿದ ಮಾತೇ ಆಗುತ್ತೆ. ಅಜ್ಜಿ ಹಳೇ ಕಾಲದವರಲ್ಲ ಸ್ವಾಮಿ. ಅವರ ಬುಟ್ಟಿ ಪಕ್ಕದಲ್ಲೇ ಯುಪಿಐ ಕ್ಯೂಆರ್ ಕೋಡ್ ಇತ್ತು. ಫ್ರೇಮಿನಲ್ಲಿ ಬರಬಾರದು ಅಂತ ನಾನೇ ಸ್ವಲ್ಪ ಪಕ್ಕಕ್ಕೆ ಸರಿದು ಕ್ಲಿಕ್ ಮಾಡಿದ್ದೆ!

ಹಾಗಂತ ಮಾಸಿದ ಬಣ್ಣ ಬಳಸಲೇಬೇಡಿ ಅಂತಲ್ಲ. ಮಳೆ ನಿಂತ ಬಸ್ ಸ್ಟ್ಯಾಂಡಿಗೆ, ಖಾಲಿ ಹಾಸ್ಟೆಲ್ ಕಾರಿಡಾರಿಗೆ ಅದು ಸೊಗಸಾಗಿ ಒಪ್ಪುತ್ತೆ. ಎದುರಿಗೆ ಏನಿದೆ ಅಂತ ನೋಡಿ ಆಮೇಲೆ ಡಯಲ್ ತಿರುಗಿಸಿ ಅಂತಷ್ಟೇ ನನ್ನ ಮಾತು. ಫೋನಿನ ಪ್ರೀಸೆಟ್‌ಗೂ ಇದೇ ಅನ್ವಯ.

ಪುಣ್ಯಕ್ಕೆ ನಾನು ರಾ ಫೈಲನ್ನೂ ಉಳಿಸಿಕೊಂಡಿದ್ದೆ. ಆ ಕ್ಯಾಮೆರಾದೊಳಗೇ ಅದನ್ನು ಬೇರೆ ಸಿಮ್ಯುಲೇಷನ್‌ಗೆ ಬದಲಾಯಿಸಬಹುದು. ವೆಲ್ವಿಯಾ ಹಾಕಿ, ಪ್ರಿಂಟ್ ಹಾಕಿಸಿ, ಮರುದಿನ ಕೊಂಡೊಯ್ದು ಕೊಟ್ಟೆ. ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಂಡು ತಗೊಂಡ್ರು. ಮೊದಲು ನೋಡಿದ್ದು ತಮ್ಮ ಮುಖವನ್ನಲ್ಲ, ಹೂವನ್ನು.

"ಈಗ ಸರಿಯಾಯ್ತು ನೋಡು" ಅಂದು ಒಂದು ಮೊಳ ಕನಕಾಂಬರ ಕೊಟ್ಟು ಕಳಿಸಿದ್ರು, ಅಮ್ಮನಿಗೆ ಅಂತ.