ವೈದ್ಯಕೀಯ ಸ್ನಾತಕೋತ್ತರ ಶಿಕ್ಷಣದ ಮೌಲ್ಯಮಾಪನ: ಕನ್ನಡ ವಿಭಾಗಗಳ ಹೊಣೆ

1

ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ಎಂ.ಡಿ., ಎಂ.ಎಸ್. ಪದವಿಗಳಿಗಾಗಿ ಸಿದ್ಧವಾಗುವ ಪ್ರೌಢಪ್ರಬಂಧಗಳು ಇಂಗ್ಲಿಷಿನಲ್ಲಿರುತ್ತವೆ. ಆದರೆ ಅವುಗಳ ಅನುಬಂಧದಲ್ಲಿ ಸಾಮಾನ್ಯವಾಗಿ ಒಂದೆರಡು ಪುಟದಷ್ಟು ಕನ್ನಡವೂ ಇರುತ್ತದೆ. ಅಧ್ಯಯನಕ್ಕೆ ಒಳಪಡುವ ರೋಗಿಗೆ ಕೊಡುವ ಮಾಹಿತಿ ಪತ್ರ ಮತ್ತು ಆತನ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಪಡೆಯುವ ಒಪ್ಪಿಗೆ ಪತ್ರ ಅದು. ಪ್ರಬಂಧದ ಸಂಖ್ಯಾಶಾಸ್ತ್ರ, ಪೂರ್ವಾಧ್ಯಯನಗಳ ಸಮೀಕ್ಷೆ, ಫಲಿತಾಂಶ, ಚರ್ಚೆ ಇವೆಲ್ಲವೂ ಮಾರ್ಗದರ್ಶಕರ ಹಾಗೂ ಪರೀಕ್ಷಕರ ವಿಮರ್ಶೆಗೆ ಒಳಗಾಗುತ್ತವೆ. ಕನ್ನಡದ ಆ ಪುಟ ಇದೆಯೇ ಇಲ್ಲವೇ ಎಂದು ನೋಡಲಾಗುತ್ತದೆ. ಮೂಲಕ್ಕೆ ಹೊಂದುತ್ತದೆಯೇ ಎಂದೂ ನೋಡಬಹುದು. ಆದರೆ ಅದನ್ನು ಓದಿದ ಅಥವಾ ಓದಿಸಿ ಕೇಳಿದ ವ್ಯಕ್ತಿಗೆ ಏನು ತಿಳಿಯಿತು ಎಂಬುದಕ್ಕೆ ಪದವಿಯ ಅಂಕಪಟ್ಟಿಯಲ್ಲಿ ಸ್ಥಾನವಿಲ್ಲ.

ಪ್ರಸ್ತುತ ಬರಹದ ವಾದವಿಷ್ಟು: ಜೈವಿಕ-ವೈದ್ಯಕೀಯ ಶಿಕ್ಷಣದ ಗುಣಮಟ್ಟವನ್ನು ಅಳೆಯುವ ಇಂದಿನ ವ್ಯವಸ್ಥೆಯಲ್ಲಿ ರೋಗಿಯ ಭಾಷೆಗೆ ಅಳತೆಗೋಲೇ ಇಲ್ಲ. ಅದನ್ನು ರೂಪಿಸುವ ಕೆಲಸ ವೈದ್ಯಕೀಯ ಅಧ್ಯಾಪಕರಿಂದ ಮಾತ್ರ ಆಗುವಂಥದ್ದಲ್ಲ. ಅದರಲ್ಲಿ ಕನ್ನಡ ವಿಭಾಗಗಳಿಗೆ ನೇರವಾದ ಪಾಲಿದೆ, ಮತ್ತು ಆ ಪಾಲನ್ನು ನಾವು ಈವರೆಗೆ ಕೇಳಿ ಪಡೆದಿಲ್ಲ.

2

ವೈದ್ಯಕೀಯ ಶಿಕ್ಷಣದ ಮೌಲ್ಯಮಾಪನ ಕಳೆದ ಐದು ದಶಕಗಳಲ್ಲಿ ಸಾಕಷ್ಟು ಬದಲಾಗಿದೆ. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಓಸ್ಕಿ ಎಂಬ ಪರೀಕ್ಷಾ ಕ್ರಮವನ್ನು ಮುಂದಿಟ್ಟರು. ವಿದ್ಯಾರ್ಥಿ ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುತ್ತಾ ನಿಗದಿತ ನಿಮಿಷಗಳಲ್ಲಿ ಒಂದೊಂದು ಕೌಶಲವನ್ನು ಮಾಡಿ ತೋರಿಸಬೇಕು. ಪರೀಕ್ಷಕರು ಮೊದಲೇ ಸಿದ್ಧಪಡಿಸಿದ ಪಟ್ಟಿಯಂತೆ ಅಂಕ ಕೊಡಬೇಕು. 1990ರಲ್ಲಿ ಅಮೆರಿಕದ ಜಾರ್ಜ್ ಮಿಲ್ಲರ್ ಕಲಿಕೆಯನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದರು: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು ಮತ್ತು ನಿತ್ಯದ ಕೆಲಸದಲ್ಲಿ ಮಾಡುವುದು. ಬರೆಹದ ಪರೀಕ್ಷೆ ಮೊದಲೆರಡು ಮೆಟ್ಟಿಲುಗಳಲ್ಲೇ ನಿಂತುಬಿಡುತ್ತದೆ ಎಂಬುದು ಈ ವಿಂಗಡಣೆಯಿಂದ ಹೊರಡುವ ತಿಳಿವಳಿಕೆ.

ಭಾರತದಲ್ಲಿ 2019ರಿಂದ ಎಂ.ಬಿ.ಬಿ.ಎಸ್. ಹಂತದಲ್ಲಿ ಸಾಮರ್ಥ್ಯಾಧಾರಿತ ಪಠ್ಯಕ್ರಮ ಜಾರಿಗೆ ಬಂದಿತು. ಅದರ ಆರಂಭಿಕ ಬುನಾದಿ ಶಿಕ್ಷಣದಲ್ಲಿ ಸ್ಥಳೀಯ ಭಾಷೆಯ ಪರಿಚಯವೂ ಸೇರಿತು. 2020ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತಿನ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿತು. ಅದೇ ವರ್ಷದ ತಿದ್ದುಪಡಿಯ ಮೂಲಕ ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಕೆಲಸ ಮಾಡಬೇಕೆಂಬ ನಿಯಮ ಬಂದಿತು. ಲಾಗ್‌ಬುಕ್, ವಿಚಾರಗೋಷ್ಠಿ, ಪ್ರೌಢಪ್ರಬಂಧ, ಲಿಖಿತ ಪರೀಕ್ಷೆ, ರೋಗಿಯ ಪಕ್ಕದಲ್ಲಿ ನಡೆಯುವ ಪ್ರಾಯೋಗಿಕ ಪರೀಕ್ಷೆ ಮತ್ತು ಮೌಖಿಕ ಪರೀಕ್ಷೆ ಇವು ಸ್ನಾತಕೋತ್ತರ ಮೌಲ್ಯಮಾಪನದ ಅಂಗಗಳು. ಇನ್ನೊಂದೆಡೆ ಕಾಲೇಜುಗಳನ್ನೂ ಅಳೆಯಲಾಗುತ್ತದೆ: ಹಾಸಿಗೆಗಳ ಸಂಖ್ಯೆ, ಹೊರರೋಗಿಗಳ ಸಂಖ್ಯೆ, ಬೋಧಕರ ಸಂಖ್ಯೆ, ಹಾಜರಾತಿ.

ಈ ಅಳತೆಗಳು ಅನಗತ್ಯವೆಂದು ಯಾರೂ ಹೇಳಲಾರರು. ಹಾಸಿಗೆ ಇಲ್ಲದ ಆಸ್ಪತ್ರೆಯಲ್ಲಿ ವೈದ್ಯ ತಯಾರಾಗುವುದಿಲ್ಲ. ಆದರೆ ಎಣಿಕೆಗೆ ಸಿಗುವುದೆಲ್ಲ ಪಟ್ಟಿಯಲ್ಲಿ ಸೇರಿ, ಎಣಿಕೆಗೆ ಸಿಗದ್ದು ಹೊರಗುಳಿದಾಗ ಮೌಲ್ಯಮಾಪನವು ತನ್ನ ಉದ್ದೇಶಕ್ಕೇ ಎರವಾಗುತ್ತದೆ. 2010ರ ಯು.ಜಿ.ಸಿ. ನಿಯಮಾವಳಿ ತಂದ ಅಂಕಗಳ ಲೆಕ್ಕಾಚಾರದಲ್ಲಿ ಲೇಖನಗಳ ಸಂಖ್ಯೆ ಬೆಳೆದದ್ದನ್ನೂ ಓದುಗರ ಸಂಖ್ಯೆ ಬೆಳೆಯದ್ದನ್ನೂ ಕಂಡ ಕನ್ನಡ ಅಧ್ಯಾಪಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

3

ಈ ಚರ್ಚೆ ಅಮೂರ್ತವಾಗಿ ಉಳಿಯದಿರಲು ಒಂದು ನಿರ್ದಿಷ್ಟ ಸ್ಥಳವನ್ನು ಎದುರಿಗಿಟ್ಟುಕೊಳ್ಳುವುದು ಒಳಿತು. ಸೊಕ್ಕೆ ಜಗಳೂರು ತಾಲ್ಲೂಕಿನ ಹೋಬಳಿ ಕೇಂದ್ರ. 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು ಆ ವರ್ಷ ರಚನೆಯಾದ ದಾವಣಗೆರೆ ಜಿಲ್ಲೆಗೆ ಸೇರಿತು. ಮಳೆ ಕಡಿಮೆಯ, ಮತ್ತೆ ಮತ್ತೆ ಬರಕ್ಕೆ ತುತ್ತಾಗುವ ಸೀಮೆ ಇದು. ಸೊಕ್ಕೆಯ ಕಡೆಯ ರೋಗಿ ಮೊದಲು ಹತ್ತಿರದ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಜಗಳೂರಿಗೆ, ಕಾಯಿಲೆ ಬಲವಾದರೆ ದಾವಣಗೆರೆಗೆ ಹೋಗುತ್ತಾನೆ. ದಾವಣಗೆರೆಯಲ್ಲಿ 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಮತ್ತು ಈ ಶತಮಾನದಲ್ಲಿ ಸೇರಿಕೊಂಡ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆಗಳಿವೆ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ. ಹೀಗೆ ಹಳ್ಳಿಯ ರೋಗಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿ ಮುಖಾಮುಖಿಯಾಗುತ್ತಾರೆ. ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ ಆಯ್ಕೆಯಾದ ಆ ವಿದ್ಯಾರ್ಥಿ ಬೇರೆ ರಾಜ್ಯದವರಾಗಿರಬಹುದು. ಕರ್ನಾಟಕದವರೇ ಆಗಿದ್ದರೂ ಈ ಸೀಮೆಯ ಮಾತು ಕೇಳದವರಾಗಿರಬಹುದು. ಸ್ನಾತಕೋತ್ತರ ವೈದ್ಯಕೀಯ ಸೀಟುಗಳಲ್ಲಿ ವಾಸಸ್ಥಳ ಆಧಾರಿತ ಮೀಸಲಾತಿ ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯ 2025ರ ಜನವರಿಯಲ್ಲಿ ತೀರ್ಪಿತ್ತ ಮೇಲೆ ಈ ಪ್ರಶ್ನೆ ಇನ್ನಷ್ಟು ಮುಖ್ಯವಾಗಿದೆ.

ಇವರಿಬ್ಬರ ನಡುವಿನ ಮಾತಿನಲ್ಲಿ ಎಲ್ಲಿ ತೊಡಕು ಉಂಟಾಗುತ್ತದೆ? ಎರಡು ನಿದರ್ಶನಗಳನ್ನು ನೋಡಬಹುದು. ಬರೆಹದ ಕನ್ನಡದಲ್ಲಿ ‘ಸಂಕಟ’ ಎಂದರೆ ದುಃಖ, ಕಷ್ಟ. ಮಧ್ಯ ಕರ್ನಾಟಕದ ಹಳ್ಳಿಗಳ ಮಾತಿನಲ್ಲಿ ಅದು ದೇಹದ ಅನುಭವವೂ ಹೌದು: ಹೊಟ್ಟೆಯಲ್ಲಿ ಸಂಕಟ, ಎದೆಯಲ್ಲಿ ಸಂಕಟ. ‘ಎದೆನೋವು ಇದೆಯಾ?’ ಎಂಬ ಪ್ರಶ್ನೆಗೆ ‘ನೋವಿಲ್ಲ, ಸಂಕಟ ಆಗತೈತೆ’ ಎಂಬ ಉತ್ತರ ಬಂದರೆ, ಪಠ್ಯದ ಕನ್ನಡವನ್ನಷ್ಟೇ ಕಲಿತವರು ರೋಗಿಯ ವಿವರಗಳಲ್ಲಿ ‘ಎದೆನೋವು ಇಲ್ಲ’ ಎಂದು ಬರೆದುಕೊಳ್ಳುವ ಸಾಧ್ಯತೆ ಇದೆ. ಹೃದಯಾಘಾತವು ಎಷ್ಟೋ ಸಲ ನೋವೆಂದು ಹೇಳಿಕೊಳ್ಳಲಾಗದ ಒತ್ತಡ, ತಳಮಳಗಳಾಗಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಇಲ್ಲಿ ತಪ್ಪಿದ ಪದಾರ್ಥದ ಬೆಲೆ ಒಂದು ಜೀವವೇ ಆಗಬಹುದು.

ಎರಡನೆಯದು ಕೊಳವೆಬಾವಿಯ ನೀರಿಗೆ ಸಂಬಂಧಿಸಿದ್ದು. ಜಗಳೂರು ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹುಕಾಲದ ಸಮಸ್ಯೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರುವುದು ಅಪೇಕ್ಷಣೀಯ. ಬೇರೆ ಮೂಲವಿಲ್ಲದಾಗ 1.5 ಮಿಲಿಗ್ರಾಂವರೆಗೆ ಎಂಬುದು ಭಾರತೀಯ ಮಾನಕ. ಈ ಮಿತಿಯನ್ನು ಬಹಳಷ್ಟು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಗಟ್ಟುತ್ತವೆ, ಮೂಳೆ ಕೀಲುಗಳು ಬಿಗಿಯುತ್ತವೆ. ರೋಗ ಬಲಿತಾಗ ಬೆನ್ನುಹುರಿಯ ಮೇಲೆ ಒತ್ತಡ ಬೀಳುವುದೂ ಉಂಟು. ಈಗ ರೋಗಿಯ ಮಾತನ್ನು ಗಮನಿಸಿ. ಕಾಲು ‘ಕಡಿಯುವುದು’ ಬೇರೆ, ‘ಸೆಳೆಯುವುದು’ ಬೇರೆ, ‘ಹಿಡಿದುಕೊಳ್ಳುವುದು’ ಬೇರೆ, ‘ಜೋಮು ಹಿಡಿಯುವುದು’ ಬೇರೆ. ಹಿಡಿದುಕೊಂಡಿದೆ ಎಂದರೆ ಬಿಗಿತ. ಜೋಮು ಎಂದರೆ ನರದ ಕಡೆಗೆ ಬೆರಳು ತೋರುವ ಮಾತು. ಈ ನಾಲ್ಕೂ ಲಾಗ್‌ಬುಕ್ಕಿನಲ್ಲಿ ‘ಕಾಲುನೋವು’ ಎಂಬ ಒಂದೇ ಪದವಾಗಿ ಸೇರಿಹೋದರೆ, ರೋಗಿ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಕಳೆದುಹೋದಂತೆ. ಲಂಬಾಣಿ ತಾಂಡಾಗಳಿಂದ ಬರುವವರ ಮನೆಮಾತು ಬೇರೆಯೇ ಆದ್ದರಿಂದ ಅವರ ಮಾತು ಇನ್ನೂ ಒಂದು ಹೊಸ್ತಿಲು ದಾಟಿ ಬರಬೇಕಾಗುತ್ತದೆ.

4

ರೋಗಿಯಿಂದ ವೈದ್ಯರ ಕಡೆಗೆ ಬರುವ ಮಾತಿನ ಸ್ಥಿತಿ ಇದು. ವೈದ್ಯರಿಂದ ರೋಗಿಯ ಕಡೆಗೆ ಹೋಗುವ ಮಾತಿನ ಅಧಿಕೃತ ರೂಪವೇ ಒಪ್ಪಿಗೆ ಪತ್ರ. ಮಾನವರನ್ನು ಒಳಗೊಳ್ಳುವ ಸಂಶೋಧನೆಗಳ ಬಗೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಪ್ರಕಟಿಸಿದ ನೈತಿಕ ಮಾರ್ಗಸೂಚಿಯಂತೆ, ಒಪ್ಪಿಗೆಯನ್ನು ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ಪಡೆಯಬೇಕು. ಓದುಬರಹ ಬಾರದವರಾದರೆ ನಿಷ್ಪಕ್ಷಪಾತಿಯಾದ ಸಾಕ್ಷಿ ಇರಬೇಕು. ಆದರೆ ‘ಕನ್ನಡದಲ್ಲಿರುವುದು’ ಮತ್ತು ‘ಅರ್ಥವಾಗುವುದು’ ಒಂದೇ ಅಲ್ಲ.

ಆ ಪತ್ರಗಳ ಧಾಟಿಯನ್ನು ತೋರಿಸಲು ಒಂದು ವಾಕ್ಯವನ್ನು ಇಲ್ಲಿ ರಚಿಸಿ ನೋಡೋಣ: ‘ಸದರಿ ಅಧ್ಯಯನದಲ್ಲಿ ಸ್ವಯಂಪ್ರೇರಿತವಾಗಿ ಭಾಗವಹಿಸುತ್ತಿದ್ದು, ಯಾವುದೇ ಹಂತದಲ್ಲಿ ಪೂರ್ವಾಗ್ರಹವಿಲ್ಲದೆ ಹಿಂತೆಗೆದುಕೊಳ್ಳುವ ಹಕ್ಕು ನನಗಿರುತ್ತದೆಂದು ಮನಗಂಡಿರುತ್ತೇನೆ.’ ವ್ಯಾಕರಣದ ದೃಷ್ಟಿಯಿಂದ ಇದನ್ನು ಹೇಗೋ ಸಮರ್ಥಿಸಬಹುದು. ಆದರೆ ಕಾನೂನಿನ ಇಂಗ್ಲಿಷ್ ನುಡಿಗಟ್ಟೊಂದರ ಪದಶಃ ಅನುವಾದವಾದ ‘ಪೂರ್ವಾಗ್ರಹವಿಲ್ಲದೆ’ ಎಂಬುದು ಕನ್ನಡ ಅಧ್ಯಾಪಕರಿಗೂ ಇಲ್ಲಿ ಅರ್ಥ ಕೊಡುವುದಿಲ್ಲ. ಹೇಳಬೇಕಾದದ್ದು ಇಷ್ಟೇ: ‘ಇದಕ್ಕೆ ಸೇರುವುದು ಬಿಡುವುದು ನಿಮ್ಮ ಇಷ್ಟ. ಬೇಡವೆನಿಸಿದರೆ ನಡುವೆಯೇ ಬಿಡಬಹುದು. ಬಿಟ್ಟರೂ ಇಲ್ಲಿ ನಿಮಗೆ ಸಿಗುವ ಚಿಕಿತ್ಸೆ ಕಡಿಮೆಯಾಗುವುದಿಲ್ಲ.’ ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸುವ ಕ್ರಮವನ್ನು ‘ಯಾದೃಚ್ಛಿಕ’ ಎಂದರೆ ತಿಳಿಯದವರಿಗೆ ‘ಚೀಟಿ ಎತ್ತಿದಂತೆ’ ಎಂದರೆ ತಿಳಿಯುತ್ತದೆ. ರಕ್ತಪರೀಕ್ಷೆ ‘ಸಕಾರಾತ್ಮಕ’ವಾಗಿದೆ ಎಂದು ಬರೆದರೆ ಒಳ್ಳೆಯ ಸುದ್ದಿಯೆಂದು ಭಾವಿಸುವವರೇ ಹೆಚ್ಚು.

ಇಂಥ ಭಾಷೆಗೆ ವೈದ್ಯರನ್ನು ಮಾತ್ರ ದೂರುವುದು ನ್ಯಾಯವಲ್ಲ. ಶಾಸ್ತ್ರವಿಷಯವೆಂದರೆ ಸಂಸ್ಕೃತಭೂಯಿಷ್ಠ ಪದಗಳೇ ಇರಬೇಕೆಂಬ ನಂಬಿಕೆಯನ್ನು ಬೆಳೆಸಿದ್ದರಲ್ಲಿ ನಮ್ಮ ಪಾರಿಭಾಷಿಕ ಕೋಶಗಳ ಪಾತ್ರವೂ ಇದೆ. ಹದಿನಾಲ್ಕನೆಯ ಶತಮಾನದ ಮೊದಲನೆಯ ಮಂಗರಾಜ ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ಕನ್ನಡದಲ್ಲಿ ರಚಿಸಿದ. ನಮ್ಮ ಕಾಲದಲ್ಲಿ ಡಾ. ಅನುಪಮಾ ನಿರಂಜನ ‘ತಾಯಿ ಮಗು’, ‘ಕೇಳು ಕಿಶೋರಿ’ಗಳಲ್ಲಿ ದೇಹದ ವಿಚಾರವನ್ನು ಮನೆಯ ಓದುಗರಿಗೆ ತಲುಪಿಸಿದರು. ಡಿ. ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಹುಟ್ಟಿಸಿದ ಚರ್ಚೆ ಇಡೀ ಒಂದು ದಶಕ ನಮ್ಮ ವಿಭಾಗಗಳಲ್ಲಿ ನಡೆಯಿತು. ಆ ಚರ್ಚೆಯ ನಿಜವಾದ ಪರೀಕ್ಷೆ ಆಸ್ಪತ್ರೆಯ ಒಂದು ಪುಟದಲ್ಲಿ ನಡೆಯಬಹುದಿತ್ತು ಎಂಬುದು ನಮಗೆ ಹೊಳೆಯಲಿಲ್ಲ. 1960ರ ದಶಕದಲ್ಲಿಯೇ ನಂಜನಗೂಡಿನ, ಗುಲ್ಬರ್ಗದ ಕನ್ನಡಗಳ ವಿವರಣಾತ್ಮಕ ಅಧ್ಯಯನಗಳು ಬಂದವು. ಮುಂದೆ ವೃತ್ತಿಪದಗಳ ಸಂಗ್ರಹಕ್ಕೂ ವಿದ್ವಾಂಸರು ಕೈಹಾಕಿದರು. ನೇಗಿಲಿನ ಭಾಗಗಳನ್ನು ಹೆಸರಿಸಿದ ನಾವು ನೋವಿನ ಬಗೆಗಳನ್ನು ಅಷ್ಟೇ ಶ್ರದ್ಧೆಯಿಂದ ಹೆಸರಿಸಲು ಹೋಗಲಿಲ್ಲ.

5

ಏನು ಮಾಡಬಹುದು? ಮೊದಲನೆಯದಾಗಿ, ಸಂಶೋಧನೆಗಳಿಗೆ ಅನುಮತಿ ನೀಡುವ ಸಾಂಸ್ಥಿಕ ನೈತಿಕ ಸಮಿತಿಗಳಲ್ಲಿ ವೈದ್ಯರಲ್ಲದ ಸಾಮಾನ್ಯ ಸದಸ್ಯರೂ ಸಮಾಜವಿಜ್ಞಾನ ಅಥವಾ ತತ್ತ್ವಶಾಸ್ತ್ರದ ಹಿನ್ನೆಲೆಯವರೂ ಇರಬೇಕೆಂದು 2017ರ ಮಾರ್ಗಸೂಚಿಯೇ ಹೇಳುತ್ತದೆ. ಸಾಮಾನ್ಯ ಸದಸ್ಯರ ಸ್ಥಾನದಲ್ಲಿ ಸ್ಥಳೀಯ ಕಾಲೇಜಿನ ಕನ್ನಡ ಅಧ್ಯಾಪಕರು ಕುಳಿತುಕೊಳ್ಳಲು ಅಡ್ಡಿಯಿಲ್ಲ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಹುದ್ದೆಯೂ ಬೇಡ.

ಎರಡನೆಯದಾಗಿ, ಓಸ್ಕಿಯಲ್ಲಿ ಒಂದು ಮೇಜನ್ನು ಒಪ್ಪಿಗೆ ಪಡೆಯುವ ಮಾತುಕತೆಗೆ ಮೀಸಲಿಡಬೇಕು. ತರಬೇತಿ ಪಡೆದವರು ರೋಗಿಯ ಪಾತ್ರ ವಹಿಸುವ ಕ್ರಮವನ್ನು ಹೊವರ್ಡ್ ಬ್ಯಾರೋಸ್ ಅಮೆರಿಕದಲ್ಲಿ 1963ರಷ್ಟು ಹಿಂದೆಯೇ ಬಳಕೆಗೆ ತಂದರು. ಹವ್ಯಾಸಿ ರಂಗತಂಡಗಳೂ ಸಾಣೇಹಳ್ಳಿಯಂಥ ರಂಗಕೇಂದ್ರವೂ ಇರುವ ಈ ಸೀಮೆಯಲ್ಲಿ ಆ ಪಾತ್ರಕ್ಕೆ ಜನ ಸಿಗದಿರಲಾರರು. ಆ ಮೇಜಿನಲ್ಲಿ ಅಂಕ ಸಲ್ಲಬೇಕಾದದ್ದು ವಿದ್ಯಾರ್ಥಿಯ ಉಚ್ಚಾರಣೆಗಲ್ಲ. ಕೇಳಿದ ವ್ಯಕ್ತಿ ತನ್ನ ಮಾತಿನಲ್ಲಿ ಏನನ್ನು ತಿರುಗಿ ಹೇಳಬಲ್ಲ ಎಂಬುದಕ್ಕೆ.

ಮೂರನೆಯದಾಗಿ, ಕನ್ನಡ ಎಂ.ಎ. ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳು ಹೋಬಳಿವಾರು ರೋಗಪದ ಸಂಗ್ರಹಕ್ಕೆ ತೊಡಗಬೇಕು. ಸೊಕ್ಕೆ, ಬಿಳಿಚೋಡು, ಹೊನ್ನಾಳಿ, ಚನ್ನಗಿರಿಗಳ ಮಾತು ಒಂದೇ ಅಲ್ಲ; ಮಲೆನಾಡಿನ ಅಂಚಿನ ನೀರಾವರಿ ಸೀಮೆಯ ನುಡಿಗೂ ಬಯಲುಸೀಮೆಯ ನುಡಿಗೂ ಅಂತರವಿದೆ. ಪ್ರತಿ ಪದದ ಮುಂದೆ ಹೇಳಿದವರ ವಯಸ್ಸು, ಊರು, ಸಂದರ್ಭ, ವೈದ್ಯಕೀಯ ಅಧ್ಯಾಪಕರು ಗುರುತಿಸಿದ ಅರ್ಥ ದಾಖಲಾಗಬೇಕು. ಹೇಳಿದವರ ಹೆಸರು ಬೇಡ. ಜಿಲ್ಲಾ ಆಸ್ಪತ್ರೆಗೆ ಬರುವ ಸ್ನಾತಕೋತ್ತರ ವಿದ್ಯಾರ್ಥಿಗೆ ಮೊದಲ ದಿನವೇ ಇದು ಕೈಗೆ ಸಿಗಬೇಕು.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ಲಘುವಾಗಿ ಕಾಣಬಾರದು. ವೈದ್ಯ ವಿದ್ಯಾರ್ಥಿಗಳ ಮೇಲೆ ಈಗಾಗಲೇ ಹೊರೆ ಹೆಚ್ಚಿದೆ ಎಂಬುದು ನಿಜ. ಹಾಗೆಂದೇ ಇಲ್ಲಿ ಹೊಸ ಪತ್ರಿಕೆಯನ್ನಾಗಲಿ ಹೊಸ ಪರೀಕ್ಷೆಯನ್ನಾಗಲಿ ಸೂಚಿಸಿಲ್ಲ. ಇರುವುದರೊಳಗೆ ಒಂದು ಮೇಜು, ಇರುವ ಪುಟಕ್ಕೆ ಒಂದು ಓದು. ದಾದಿಯರು, ರೋಗಿಯ ಜೊತೆ ಬಂದವರು ಅರ್ಥ ಹೇಳುತ್ತಾರಲ್ಲ ಎಂಬುದು ಇನ್ನೊಂದು ಮಾತು. ಆದರೆ ಸೊಸೆಯ ಮುಟ್ಟಿನ ತೊಂದರೆಯನ್ನು ಅತ್ತೆ ಅನುವಾದಿಸುವಾಗ ಏನೆಲ್ಲ ಬಿಟ್ಟುಹೋಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಇದು ಹೊರರಾಜ್ಯದವರನ್ನು ದೂರವಿಡುವ ತಂತ್ರ ಎಂದು ಶಂಕಿಸುವವರೂ ಇರಬಹುದು. ಪ್ರವೇಶಕ್ಕೆ ಭಾಷೆಯನ್ನು ಷರತ್ತಾಗಿಸುವುದು ಬೇರೆ, ಕಲಿಕೆಯ ಫಲವಾಗಿ ಅಳೆಯುವುದು ಬೇರೆ. ಎರಡನೆಯದು ಮೂರು ವರ್ಷಗಳ ಕಲಿಕೆಗೆ ಸಂಬಂಧಿಸಿದ್ದು. ಮೈಸೂರಿನವರಿಗೂ ಮಧುರೈಯವರಿಗೂ ಸಮಾನವಾಗಿ ಅನ್ವಯಿಸುವಂಥದ್ದು.

ಕೊನೆಯದಾಗಿ ನಮ್ಮ ಕಡೆಯ ಮಾತು. ಕನ್ನಡದ ಉಳಿವಿನ ಬಗೆಗೆ ನಮ್ಮಲ್ಲಿ ಗೋಷ್ಠಿಗಳಿಗೆ ಕೊರತೆಯಿಲ್ಲ. ಆದರೆ ಭಾಷೆಯ ಬಳಕೆ ಜೀವನ್ಮರಣದ ಪ್ರಶ್ನೆಯಾಗುವ ಜಾಗಗಳಲ್ಲಿ ಕನ್ನಡ ಅಧ್ಯಾಪಕರು ಕಾಣಿಸುವುದು ಅಪರೂಪ. ವೈದ್ಯಕೀಯ ಪ್ರಬಂಧಗಳ ಅನುಬಂಧದಲ್ಲಿರುವ ಆ ಒಂದೆರಡು ಪುಟಗಳನ್ನು ಪಠ್ಯವಾಗಿ ಓದಲು, ತಿದ್ದಲು, ಸೊಕ್ಕೆಯ ಒಬ್ಬ ಕೃಷಿ ಕಾರ್ಮಿಕಳಿಗೆ ಓದಿ ಹೇಳಿ ಆಕೆಯ ಬಾಯಿಂದ ತಿರುಗಿ ಕೇಳಲು ಯಾವ ಅನುದಾನವೂ ಬೇಕಾಗಿಲ್ಲ. ಹತ್ತಿರದ ವೈದ್ಯಕೀಯ ಕಾಲೇಜಿಗೆ ವಿಭಾಗದ ಮುಖ್ಯಸ್ಥರು ಬರೆಯುವ ಒಂದು ಪತ್ರದಿಂದ ಈ ಕೆಲಸವನ್ನು ಆರಂಭಿಸಬಹುದು.