ಕಾಣದ ಫೋಲ್ಡರ್, ಕಳೆಯದ ಪತ್ರ



ನಿಮ್ಮಲ್ಲಿ ಹಲವರ ಮನೆಯಲ್ಲಿ ಹಳೆಯದೊಂದು ಕಂಪ್ಯೂಟರ್ ಇನ್ನೂ ಇದ್ದೀತು. ಅದರಲ್ಲಿ ತಂದೆಯವರು ವರ್ಷಗಟ್ಟಲೆ ಜೋಪಾನ ಮಾಡಿದ ಇ-ಮೇಲ್‌ಗಳಿರುತ್ತವೆ: ಧಾರವಾಡದಿಂದ ದೊಡ್ಡಪ್ಪ ಬರೆದದ್ದು, ಸೋದರತ್ತೆ ಕಳಿಸಿದ ಮದುವೆಯ ಫೋಟೋ, ಸಂಘದ ನಾಟಕದ ಲೆಕ್ಕಪತ್ರ. ಒಂದು ದಿನ ‘ಊರು’ ಎಂಬ ಫೋಲ್ಡರ್ ಪಟ್ಟಿಯಲ್ಲಿ ಕಾಣದಾದರೆ ಮನೆಯ ಹಿರಿಯರು ಕೂಗುವುದು ನಿಮ್ಮನ್ನೇ. ಆಗ ಏನು ಮಾಡಬೇಕು? ಅದೇ ಈ ಸಲದ ವಿಷಯ.

ಮೊದಲ ಮಾತು, ಗಾಬರಿ ಬೇಡ. ಅವಸರವಂತೂ ಬೇಡವೇ ಬೇಡ. ಪಟ್ಟಿಯಲ್ಲಿ ಕಾಣದ್ದೆಲ್ಲ ಅಳಿದುಹೋದದ್ದಲ್ಲ. 2004ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಥಂಡರ್‌ಬರ್ಡ್ ತಂತ್ರಾಂಶವನ್ನೇ ನೋಡಿ. ಸಾಮಾನ್ಯವಾಗಿ ಅದು ಪ್ರತಿ ಫೋಲ್ಡರಿಗೂ ಎರಡು ಕಡತ ಇಡುತ್ತದೆ. ಫೋಲ್ಡರಿನ ಹೆಸರನ್ನಷ್ಟೇ ಹೊತ್ತ ಕಡತದಲ್ಲಿ ಪತ್ರಗಳೆಲ್ಲ ಒಂದರ ಕೆಳಗೊಂದು ಇರುತ್ತವೆ. ಹೆಸರಿನ ಕೊನೆಗೆ ‘ಎಂಎಸ್ಎಫ್’ ಎಂದಿರುವ ಇನ್ನೊಂದು ಕಡತ ಬರೀ ಸೂಚಿ. ಗ್ರಂಥಾಲಯದ ಸೂಚಿ ಹರಿದರೆ ಕಪಾಟಿನ ಪುಸ್ತಕ ಮಾಯವಾಗುವುದಿಲ್ಲ, ಅಲ್ಲವೇ? ಇಲ್ಲಿಯೂ ಹಾಗೆಯೇ.

ಇನ್ನು ಕ್ರಮವಾಗಿ ಮುಂದುವರಿಯಿರಿ. ‘ಕಂಪ್ಯಾಕ್ಟ್’ ಮಾಡಲೇ ಎಂದು ಯಂತ್ರ ಕೇಳಿದರೆ ಬೇಡವೆನ್ನಿ. ಡಿಲೀಟ್ ಮಾಡಿದ ಪತ್ರವೂ ಕಂಪ್ಯಾಕ್ಟ್ ಆಗುವ ತನಕ ಆ ದೊಡ್ಡ ಕಡತದಲ್ಲೇ ಇರುತ್ತದೆ, ಆಮೇಲೆ ಇಲ್ಲ. ‘ಹೆಲ್ಪ್’ ಪಟ್ಟಿಯ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ ತೆರೆದರೆ ‘ಪ್ರೊಫೈಲ್ ಫೋಲ್ಡರ್’ ಎಲ್ಲಿದೆ ಎಂದು ತಿಳಿಯುತ್ತದೆ. ಅದನ್ನು ತೆರೆದಿಟ್ಟುಕೊಂಡು, ಥಂಡರ್‌ಬರ್ಡ್ ಮುಚ್ಚಿ, ಇಡೀ ಪ್ರೊಫೈಲನ್ನು ಪೆನ್ ಡ್ರೈವಿಗೆ ನಕಲು ಮಾಡಿ. ಈ ನಕಲಿಲ್ಲದೆ ಮುಂದಿನ ಹೆಜ್ಜೆ ಇಡಬೇಡಿ.

ಈಗ ಹುಡುಕಿ. ಮೌಸ್ ಜಾರಿ ಒಂದು ಫೋಲ್ಡರ್ ಇನ್ನೊಂದರ ಹೊಟ್ಟೆ ಸೇರುವುದುಂಟು. ಎಲ್ಲ ಫೋಲ್ಡರುಗಳ ಪಕ್ಕದ ಬಾಣದ ಗುರುತನ್ನು ಒತ್ತಿ ನೋಡಿ. ಫೋಲ್ಡರ್ ಇದ್ದು ಪತ್ರಗಳು ಕಾಣದಿದ್ದರೆ, ಅದರ ‘ಪ್ರಾಪರ್ಟೀಸ್’ನಲ್ಲಿ ‘ರಿಪೇರ್ ಫೋಲ್ಡರ್’ ಒತ್ತಿ. ಹೊಸ ಸೂಚಿ ಸಿದ್ಧವಾಗುತ್ತದೆ. ತಂತ್ರಾಂಶವನ್ನು ಮತ್ತೆ ಹಾಕಿದ ಮೇಲೆ ಎಲ್ಲವೂ ಖಾಲಿಯಾಗಿದ್ದರೆ, ಹೊಸ ಪ್ರೊಫೈಲ್ ತೆರೆದುಕೊಂಡು ಹಳೆಯದು ಪಕ್ಕದಲ್ಲೇ ಉಳಿದಿರಬಹುದು. ಥಂಡರ್‌ಬರ್ಡ್ ಮುಚ್ಚಿರುವಾಗ ಹಳೆಯದರಿಂದ ಪತ್ರಗಳ ಕಡತವನ್ನು ಹೊಸದರ ‘ಲೋಕಲ್ ಫೋಲ್ಡರ್ಸ್’ಗೆ ನಕಲಿಸಿ, ತೆರೆದಾಗ ಅದು ಪಟ್ಟಿಯಲ್ಲಿ ಬರುತ್ತದೆ.

ಒಂದು ಎಚ್ಚರಿಕೆ. ಖಾತೆ ‘ಐಮ್ಯಾಪ್’ ಬಗೆಯದಾದರೆ ಮೂಲ ಪತ್ರಗಳಿರುವುದು ಸರ್ವರಿನಲ್ಲಿ. ಮೊದಲು ಬ್ರೌಸರ್ ಮೂಲಕ ಅಲ್ಲಿವೆಯೇ ನೋಡಿ. ಅಲ್ಲಿಲ್ಲದಿದ್ದರೆ ರಿಪೇರ್ ಒತ್ತಬೇಡಿ. ನಿಮ್ಮಲ್ಲಿರುವ ಪ್ರತಿಯೂ ಹೋದೀತು.

ಪತ್ರ ಸಿಕ್ಕಿತು, ಆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡವೇ? ಕೆಟ್ಟುಹೋಯಿತೆಂದು ಅಳಿಸೀರಿ, ಜೋಕೆ! ಯೂನಿಕೋಡ್ ಬಳಕೆಗೆ ಬರುವ ಮೊದಲು ‘ಬರಹ’, ‘ನುಡಿ’ ಮುಂತಾದವುಗಳ ಫಾಂಟಿನಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಹೀಗೆಯೇ ಕಾಣುತ್ತದೆ. ಅದೇ ಫಾಂಟ್ ಹಾಕಿ, ಇಲ್ಲವೇ ಯೂನಿಕೋಡಿಗೆ ಪರಿವರ್ತಿಸಿ. ಕನ್ನಡ ಮರಳಿ ಬರುತ್ತದೆ.

ನಿಮ್ಮಲ್ಲಿ ಕೆಲವರಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಅದಕ್ಕೆ ಸಂಕೋಚ ಬೇಡ. ಸಿಕ್ಕ ಪತ್ರವನ್ನು ತಂದೆಯವರಿಂದಲೋ ತಾಯಿಯವರಿಂದಲೋ ಗಟ್ಟಿಯಾಗಿ ಓದಿಸಿ ಕೇಳಿ. ಬರೆದ ದೊಡ್ಡಪ್ಪ ಇಂದು ಇಲ್ಲದಿರಬಹುದು. ಅವರು ನಿಮ್ಮ ಹೆಸರು ಹಿಡಿದು ಕೇಳಿದ ಯೋಗಕ್ಷೇಮ ಆ ಪತ್ರದಲ್ಲಿ ಇದ್ದೇ ಇದೆ. ಬರುವ ಭಾನುವಾರವೇ ಪೆನ್ ಡ್ರೈವ್ ಹಿಡಿದು ಕೂಡಿ, ಆಗದೇ?